ಬಿಳಿ, ಹಳದಿ, ಕೆಂಪು, ಕಪ್ಪು: ಬಿಸಿಲಿನಲ್ಲಿ ನೀರು ಒಡೆಯಲು ಯಾವ ಪುಡಿ ಆರಿಸುವುದು?

ನವೆಂಬರ್ ಬಂತೆಂದರೆ ನನಗೆ ಫೋನ್ ಶುರುವಾಗುತ್ತದೆ. ನಮ್ಮ ಕಾಸರಗೋಡಿನ ಕುಂಬಳೆಯಿಂದ, ನೀರ್ಚಾಲಿನಿಂದ, ಮುಳ್ಳೇರಿಯದಿಂದ. ಎಲ್ಲರೂ ಒಂದು ಕಾಲದಲ್ಲಿ ನನ್ನ ಹತ್ತಿರ ಪ್ಲಸ್ ಟು ಕೆಮಿಸ್ಟ್ರಿ ಕಲಿತ ಮಕ್ಕಳು. ಈಗ ಒಬ್ಬಳು ಪೆರಿಯದಲ್ಲಿ, ಇನ್ನೊಬ್ಬ ಕೊಣಾಜೆಯಲ್ಲಿ ಎಮ್ಮೆಸ್ಸಿ ಓದುತ್ತಿರುತ್ತಾರೆ. "ಟೀಚರ್, ಬಿಸಿಲಿನಿಂದ ಹೈಡ್ರೋಜನ್ ತೆಗೆಯುವ ಪ್ರಾಜೆಕ್ಟ್ ಮಾಡ್ಬೇಕು ಅಂತಿದ್ದೇನೆ. ಯಾವ ಮೆಟೀರಿಯಲ್ ತೆಗೆದುಕೊಳ್ಳಲಿ?"

ಪಾಪ, ಅವರ ಗೊಂದಲ ನನಗೆ ಅರ್ಥವಾಗುತ್ತದೆ. ಬೆಳಕು ಬಿದ್ದಾಗ ನೀರು ಒಡೆಯುವ ಪುಡಿಗಳು ಹಲವಿವೆ. ಯಾವ ಸಂಶೋಧನಾ ಪೇಪರ್ ತೆರೆದರೂ ತನ್ನ ಪುಡಿಯೇ ಶ್ರೇಷ್ಠ ಅಂತ ಬರೆದಿರುತ್ತದೆ. ಒಬ್ಬರು ಗಂಟೆಗೆ ಇಷ್ಟು ಮೈಕ್ರೋಮೋಲ್ ಹೈಡ್ರೋಜನ್ ಅಂದರೆ ಇನ್ನೊಬ್ಬರು ಅದರ ಹತ್ತು ಪಾಲು ಹೇಳುತ್ತಾರೆ. ಪ್ರತಿ ವರ್ಷ ಫೋನಿನಲ್ಲಿ ಹೇಳುವ ಮಾತನ್ನೇ ಈ ಸಲ ಬರೆದಿಡುತ್ತಿದ್ದೇನೆ.

ಮೊದಲೇ ನನ್ನ ನಿಲುವು ಹೇಳಿಬಿಡುತ್ತೇನೆ. ಎಷ್ಟು ಹೈಡ್ರೋಜನ್ ಬಂತು ಅನ್ನುವುದು ನನಗೆ ಮೂರನೇ ಪ್ರಶ್ನೆ. ಮೊದಲ ಪ್ರಶ್ನೆ, ಆ ಪುಡಿ ನೀರಿನಲ್ಲಿ ಎಷ್ಟು ದಿನ ಬಾಳುತ್ತದೆ? ಎರಡನೆಯದು, ಅದು ಹಾಳಾದಾಗ ನೀರಿಗೆ ಏನನ್ನು ಬಿಡುತ್ತದೆ? ಕಾಸರಗೋಡಿನವರು ಈ ಎರಡನೇ ಪ್ರಶ್ನೆಯನ್ನು ಯಾಕೆ ಬಿಡಬಾರದು ಅಂತ ಮುಂದೆ ಹೇಳುತ್ತೇನೆ.

ಏಣಿಯ ಉದ್ದ, ಏಣಿಯ ಜಾಗ

ನೀರನ್ನು ಹೈಡ್ರೋಜನ್ ಮತ್ತು ಆಕ್ಸಿಜನ್ ಆಗಿ ಒಡೆಯಲು ಕಡಿಮೆಯೆಂದರೂ 1.23 ವೋಲ್ಟ್ ಬೇಕು. ಅದು ಕಾಗದದ ಮೇಲಿನ ಲೆಕ್ಕ. ದಾರಿಯಲ್ಲಾಗುವ ನಷ್ಟ ಸೇರಿಸಿದರೆ 1.6ರಿಂದ 2 ವೋಲ್ಟ್‌ವರೆಗೂ ಬೇಕಾಗುತ್ತದೆ. ಈ ಪುಡಿಗಳೆಲ್ಲ ಸೆಮಿಕಂಡಕ್ಟರ್, ಅಂದರೆ ಅರೆವಾಹಕ. ಅಂಥ ಪುಡಿಯ ಮೇಲೆ ಬೆಳಕು ಬಿದ್ದಾಗ ಅದರೊಳಗಿನ ಎಲೆಕ್ಟ್ರಾನ್ ಮೇಲಕ್ಕೆ ಹಾರುತ್ತದೆ. ಅದು ಬಿಟ್ಟುಹೋದ ಖಾಲಿ ಜಾಗಕ್ಕೆ ಹೋಲ್ ಎನ್ನುತ್ತೇವೆ. ಮೇಲೆ ಹೋದ ಎಲೆಕ್ಟ್ರಾನ್ ನೀರಿನಿಂದ ಹೈಡ್ರೋಜನ್ ಮಾಡಬೇಕು. ಕೆಳಗಿನ ಹೋಲ್ ಆಕ್ಸಿಜನ್ ಮಾಡಬೇಕು. ಇವೆರಡರ ನಡುವಿನ ಎತ್ತರವೇ ಬ್ಯಾಂಡ್ ಗ್ಯಾಪ್. ಅದನ್ನು ಎಲೆಕ್ಟ್ರಾನ್ ವೋಲ್ಟ್‌ನಲ್ಲಿ ಅಳೆಯುತ್ತಾರೆ.

ತೆಂಗಿನ ಮರಕ್ಕೆ ಏಣಿ ಇಡುವುದನ್ನು ನೆನಪು ಮಾಡಿಕೊಳ್ಳಿ. ಏಣಿ ಉದ್ದ ಇದ್ದರೆ ಸಾಲದು, ಇಟ್ಟ ಜಾಗವೂ ಸರಿ ಇರಬೇಕು ಅಲ್ವಾ? ಗುಂಡಿಯೊಳಗೆ ಇಟ್ಟರೆ ಉದ್ದದ ಏಣಿಯೂ ಗೊನೆ ಮುಟ್ಟುವುದಿಲ್ಲ. ಇಲ್ಲೂ ಹಾಗೆಯೇ. ಏಣಿಯ ತುದಿ ಹೈಡ್ರೋಜನ್‌ನ ಮಟ್ಟಕ್ಕಿಂತ ಮೇಲಿರಬೇಕು, ಬುಡ ಆಕ್ಸಿಜನ್‌ನ ಮಟ್ಟಕ್ಕಿಂತ ಕೆಳಗಿರಬೇಕು. ಎಷ್ಟೋ ಮಕ್ಕಳು ಬ್ಯಾಂಡ್ ಗ್ಯಾಪ್ ಒಂದನ್ನೇ ನೋಡಿ ಪುಡಿ ಆರಿಸುತ್ತಾರೆ. ಆಮೇಲೆ ಒಂದು ಗುಳ್ಳೆಯೂ ಬರುವುದಿಲ್ಲ.

ಇನ್ನೊಂದು ಸುಲಭದ ಲೆಕ್ಕ ಇದೆ. 1240ನ್ನು ಬ್ಯಾಂಡ್ ಗ್ಯಾಪ್‌ನಿಂದ ಭಾಗಿಸಿ. ಎಷ್ಟು ನ್ಯಾನೋಮೀಟರ್‌ವರೆಗಿನ ಬೆಳಕನ್ನು ಆ ಪುಡಿ ತಿನ್ನುತ್ತದೆ ಅಂತ ಸಿಗುತ್ತದೆ. ಗ್ಯಾಪ್ ದೊಡ್ಡದಾದಷ್ಟೂ ತಿನ್ನುವ ಬೆಳಕು ಕಡಿಮೆ. ಹಾಗಾಗಿ ಪುಡಿಯ ಬಣ್ಣ ನೋಡಿದರೇ ಅರ್ಧ ವಿಷಯ ಗೊತ್ತಾಗುತ್ತದೆ. ಬಿಳಿ ಪುಡಿ ಕಣ್ಣಿಗೆ ಕಾಣುವ ಬೆಳಕನ್ನು ಮುಟ್ಟುವುದೇ ಇಲ್ಲ. ಹಳದಿ ಪುಡಿ ನೇರಳೆ ಮತ್ತು ನೀಲಿಯನ್ನು ತಿನ್ನುತ್ತದೆ. ಕೆಂಪು ಪುಡಿ ಹಸಿರನ್ನೂ ತಿನ್ನುತ್ತದೆ. ಕಪ್ಪು ಎಲ್ಲವನ್ನೂ ನುಂಗುತ್ತದೆ. ನಾನೂ ಈ ಬಣ್ಣದ ದಾರಿಯಲ್ಲೇ ಹೋಗುತ್ತೇನೆ.

ಬಿಳಿ: ಗಟ್ಟಿಮುಟ್ಟು, ಆದರೆ ಹಸಿವು ಕಡಿಮೆ

ಈ ಕಥೆ ಶುರುವಾದದ್ದೇ ಬಿಳಿ ಪುಡಿಯಿಂದ. ಜಪಾನಿನ ಫುಜಿಶಿಮಾ ಮತ್ತು ಹೊಂಡಾ 1972ರಲ್ಲಿ ಟೈಟಾನಿಯಂ ಡೈಆಕ್ಸೈಡ್ ಎಲೆಕ್ಟ್ರೋಡ್ ಮೇಲೆ ಬೆಳಕು ಬಿಟ್ಟು ನೀರು ಒಡೆದದ್ದನ್ನು ಪ್ರಕಟಿಸಿದರು. ಎದುರಿಗೆ ಪ್ಲಾಟಿನಂ ಎಲೆಕ್ಟ್ರೋಡ್ ಇತ್ತು. ಟೈಟಾನಿಯಂ ಡೈಆಕ್ಸೈಡ್ ಅಂದರೆ ನಮ್ಮ ಮನೆ ಗೋಡೆಯ ಬಿಳಿ ಪೇಂಟಿನಲ್ಲಿರುವ ವಸ್ತುವೇ. ಅಗ್ಗ, ವಿಷವಲ್ಲ, ನೀರಿನಲ್ಲಿ ಕರಗುವುದಿಲ್ಲ. ಆದರೆ ಬ್ಯಾಂಡ್ ಗ್ಯಾಪ್ 3ರಿಂದ 3.2. ಅದು ತಿನ್ನುವುದು ಅಲ್ಟ್ರಾವಯಲೆಟ್ ಬೆಳಕು ಮಾತ್ರ. ಬಿಸಿಲಿನಲ್ಲಿ ಅದರ ಪಾಲು ಶೇಕಡಾ 4, 5 ಅಷ್ಟೇ. ಅಂಗಳದ ತುಂಬ ಬಿಸಿಲಿದ್ದರೂ ಇದರ ಬಾಯಿಗೆ ಬೀಳುವುದು ಒಂದು ಹಿಡಿ.

ಬಿಳಿ ಪುಡಿಗಳಲ್ಲಿ ಮನಸ್ಸು ತುಂಬುವ ಸುದ್ದಿ ಅಂದರೆ ಸ್ಟ್ರಾನ್ಷಿಯಂ ಟೈಟನೇಟ್. ಅದಕ್ಕೆ ಸ್ವಲ್ಪ ಅಲ್ಯೂಮಿನಿಯಂ ಸೇರಿಸಿ, ಕಣದ ಒಂದು ಮುಖಕ್ಕೆ ಹೈಡ್ರೋಜನ್ ಮಾಡುವ ರೋಡಿಯಂ, ಇನ್ನೊಂದು ಮುಖಕ್ಕೆ ಆಕ್ಸಿಜನ್ ಮಾಡುವ ಕೋಬಾಲ್ಟ್ ಕೂರಿಸಿದರು. ಜಪಾನಿನ ಡೊಮೆನ್ ಅವರ ತಂಡ 2020ರಲ್ಲಿ ತೋರಿಸಿದ ಪ್ರಕಾರ, 350ರಿಂದ 360 ನ್ಯಾನೋಮೀಟರಿನ ಬೆಳಕಿನಲ್ಲಿ ನೂರು ಫೋಟಾನ್, ಅಂದರೆ ಬೆಳಕಿನ ಕಣ, ಬಿದ್ದರೆ 96ರವರೆಗೂ ಕೆಲಸಕ್ಕೆ ಬಂದವು. ಅಂದರೆ ಒಳಗೆ ನಷ್ಟವೇ ಇಲ್ಲದಷ್ಟು ಚೊಕ್ಕವಾದ ಪುಡಿ ಮಾಡಲು ಸಾಧ್ಯ ಅಂತಾಯಿತು. ಅದೇ ತಂಡ ಮುಂದಿನ ವರ್ಷ 100 ಚದರ ಮೀಟರ್ ಪ್ಯಾನಲ್‌ಗಳನ್ನು ಬಯಲಿನಲ್ಲಿ ಹಾಕಿದ ಕೆಲಸವನ್ನು ಪ್ರಕಟಿಸಿತು. ಹಲವು ತಿಂಗಳು ಅದು ನಡೆಯಿತು. ಅಲ್ಲಿ ಬಿಸಿಲಿನ ಶಕ್ತಿಯಲ್ಲಿ ಹೈಡ್ರೋಜನ್ ಆದದ್ದು ಹೆಚ್ಚೆಂದರೆ ಶೇಕಡಾ 0.76. ಈ ಸಂಖ್ಯೆ ಕೇಳಿ ಮಕ್ಕಳ ಮುಖ ಸಣ್ಣದಾಗುತ್ತದೆ. ನನಗೆ ಹಾಗೆ ಅನಿಸುವುದಿಲ್ಲ. ಪುಡಿ ಬಳಿದ ಹಾಳೆ, ಅದರ ಮೇಲೆ ತೆಳುವಾದ ನೀರು, ಮೇಲೊಂದು ಗಾಜು, ಅಷ್ಟೇ. ವಯರ್ ಇಲ್ಲ, ಕರೆಂಟ್ ಇಲ್ಲ. ಗಾಳಿ ಮಳೆಗೆ ತಿಂಗಳುಗಟ್ಟಲೆ ನಿಂತಿತು. ಲ್ಯಾಬಿನಲ್ಲಿ ಎರಡು ಗಂಟೆ ಓಡಿ ಸತ್ತ ಶೇಕಡಾ 10ಕ್ಕಿಂತ ಇದಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ.

ಪ್ರಾಜೆಕ್ಟಿಗೆ? ಟೈಟಾನಿಯಂ ಡೈಆಕ್ಸೈಡನ್ನು ಮುಖ್ಯ ವಿಷಯವಾಗಿ ತೆಗೆದುಕೊಳ್ಳಬೇಡಿ, ಅದರ ಮೇಲೆ 50 ವರ್ಷಗಳ ಕೆಲಸ ಆಗಿದೆ. ಆದರೆ ಪಿ25 ಅಂತ ಸಿಗುವ ಅದರದೇ ಪುಡಿಯನ್ನು ಅಳತೆಗೋಲಾಗಿ ಪಕ್ಕದಲ್ಲಿ ಇಟ್ಟುಕೊಳ್ಳಿ. ನಿಮ್ಮ ಲ್ಯಾಂಪಿನಲ್ಲಿ, ನಿಮ್ಮ ಪಾತ್ರೆಯಲ್ಲಿ ಅದು ಎಷ್ಟು ಕೊಡುತ್ತದೆ ಅಂತ ಮೊದಲು ನೋಡಿ, ಆಮೇಲೆ ನಿಮ್ಮ ಪುಡಿಯ ಮಾತಾಡಿ.

ಹಳದಿ: ಕಪಾಟಿನಲ್ಲಿ ನಾಲ್ಕು ಬಾಟಲಿ

ಹಳದಿಯಲ್ಲಿ ಆಯ್ಕೆ ಜಾಸ್ತಿ, ಮೋಸವೂ ಜಾಸ್ತಿ. ಕಾರ್ಬನ್ ನೈಟ್ರೈಡ್, ಬಿಸ್ಮತ್ ವನಡೇಟ್, ಟಂಗ್‌ಸ್ಟನ್ ಆಕ್ಸೈಡ್, ಕ್ಯಾಡ್ಮಿಯಂ ಸಲ್ಫೈಡ್. ನಾಲ್ಕೂ ಹಳದಿ. ಹಣೆಬರಹ ಮಾತ್ರ ಬೇರೆ ಬೇರೆ.

ಕಾರ್ಬನ್ ನೈಟ್ರೈಡ್ ಬಡವರ ಬಂಧು. 2009ರಲ್ಲಿ ಚೀನಾ, ಜರ್ಮನಿ, ಜಪಾನಿನವರು ಸೇರಿ ಇದರಿಂದ ಹೈಡ್ರೋಜನ್ ಬರುತ್ತದೆ ಅಂತ ತೋರಿಸಿದರು. ಅದರಲ್ಲಿ ಲೋಹವೇ ಇಲ್ಲ. ಯೂರಿಯಾ ಅಥವಾ ಮೆಲಮಿನ್ ಅನ್ನು ಮುಚ್ಚಳ ಹಾಕಿದ ಕ್ರೂಸಿಬಲ್‌ನಲ್ಲಿಟ್ಟು 550 ಡಿಗ್ರಿಗೆ ಎರಡು ಮೂರು ಗಂಟೆ ಕಾಯಿಸಿದರೆ ತಿಳಿಹಳದಿ ಪುಡಿ ಸಿಗುತ್ತದೆ. ಫ್ಯೂಮ್ ಹುಡ್ ಇಲ್ಲದೆ ಮಾಡಬೇಡಿ, ಅಮೋನಿಯದ ಹೊಗೆ ಕಣ್ಣು ಬಿಡಲು ಬಿಡುವುದಿಲ್ಲ. ತೋಟಕ್ಕೆ ತಂದ ಯೂರಿಯಾ ಆಗುತ್ತದಾ ಅಂತ ಒಬ್ಬ ಹುಡುಗ ಕೇಳಿದ್ದ. ಆಗುವುದಿಲ್ಲ. ಗೊಬ್ಬರದ ಯೂರಿಯಾಕ್ಕೆ ಈಗ ಬೇವಿನ ಎಣ್ಣೆಯ ಲೇಪ ಇರುತ್ತದೆ, ಲ್ಯಾಬಿನದ್ದೇ ತೆಗೆದುಕೊಳ್ಳಿ. ಯೂರಿಯಾದಿಂದ ಮಾಡಿದರೆ ಪುಡಿ ಹತ್ತಿಯ ಹಾಗೆ ಹಗುರ, ಮೇಲ್ಮೈ ಜಾಸ್ತಿ, ಆದರೆ ಸಿಗುವುದು ಚಿಟಿಕೆಯಷ್ಟು. ಮೆಲಮಿನ್‌ನಿಂದ ಪುಡಿ ಜಾಸ್ತಿ ಸಿಗುತ್ತದೆ, ಚುರುಕು ಕಡಿಮೆ.

ಇದರ ಏಣಿ ಸರಿಯಾದ ಜಾಗದಲ್ಲೇ ನಿಂತಿದೆ. ಗ್ಯಾಪ್ 2.7, ಸುಮಾರು 460 ನ್ಯಾನೋಮೀಟರ್‌ವರೆಗೆ ತಿನ್ನುತ್ತದೆ. ತೊಂದರೆ ಎಲ್ಲಿ ಅಂದರೆ, ಎಲೆಕ್ಟ್ರಾನ್ ಮತ್ತು ಹೋಲ್ ಬೇಗ ಮತ್ತೆ ಕೂಡಿಕೊಂಡುಬಿಡುತ್ತವೆ. ಆಕ್ಸಿಜನ್ ಕಡೆ ಸೋಮಾರಿ. ಅದಕ್ಕೇ ಹೆಚ್ಚಿನವರು ನೀರಿಗೆ ಟ್ರೈಎಥನಾಲಮೈನ್ ಬೆರೆಸುತ್ತಾರೆ. ಈ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಹಾಗೆ ಬೆರೆಸುವ ವಸ್ತುವಿಗೆ ಸ್ಯಾಕ್ರಿಫಿಶಿಯಲ್ ಏಜೆಂಟ್ ಎನ್ನುತ್ತಾರೆ. ಬಲಿ ಕೊಡುವುದು ಅಂತಲೇ ಅರ್ಥ. ಹೋಲ್‌ಗಳು ನೀರನ್ನು ಬಿಟ್ಟು ಇದನ್ನು ತಿನ್ನುತ್ತವೆ. ಹೈಡ್ರೋಜನ್ ಧಾರಾಳ ಬರುತ್ತದೆ, ಆಕ್ಸಿಜನ್ ಬರುವುದೇ ಇಲ್ಲ. ಅಂದರೆ ನೀವು ನೀರು ಒಡೆದಿಲ್ಲ, ಬೆಲೆ ಕೊಟ್ಟು ತಂದ ರಾಸಾಯನಿಕವನ್ನು ಒಡೆದಿದ್ದೀರಿ. ಮೆಥನಾಲ್ ಹಾಕಿದರೂ ಇದೇ ಕಥೆ. ಕಲಿಯಲು ಇದು ತಪ್ಪಲ್ಲ, ಪುಡಿಯ ಅರ್ಧ ಕೆಲಸ ಹೇಗಿದೆ ಅಂತ ತಿಳಿಯುತ್ತದೆ. ಆದರೆ ರಿಪೋರ್ಟಿನ ತಲೆಬರಹದಲ್ಲಿ "ನೀರು ವಿಭಜನೆ" ಅಂತ ಬರೆಯಬೇಡಿ. ಎರಡು ಪೇಪರ್ ಹೋಲಿಸುವಾಗ ಮೊದಲು ನೋಡಬೇಕಾದದ್ದು ಇದನ್ನೇ. ಎರಡು ಪಾಲು ಹೈಡ್ರೋಜನ್‌ಗೆ ಒಂದು ಪಾಲು ಆಕ್ಸಿಜನ್ ಬಂದಿದೆಯಾ? ಇಲ್ಲವಾದರೆ ಅವೆರಡು ಸಂಖ್ಯೆಗಳನ್ನು ಪಕ್ಕಪಕ್ಕ ಇಡಲೇಬಾರದು.

ಬಿಸ್ಮತ್ ವನಡೇಟ್ ಪೇಂಟಿನವರಿಗೆ ಗೊತ್ತಿರುವ ಹಳದಿ. ಸೀಸ, ಕ್ಯಾಡ್ಮಿಯಂ ಇರುವ ಹಳದಿ ಬಣ್ಣಗಳ ಬದಲಿಗೆ ಅದನ್ನು ಬಳಸುತ್ತಾರೆ. ಗ್ಯಾಪ್ 2.4. ಇದನ್ನು ಪುಡಿಯಾಗಿ ನೀರಿಗೆ ಹಾಕುವುದಕ್ಕಿಂತ ಗಾಜಿನ ಮೇಲೆ ಪದರ ಮಾಡಿ ಎಲೆಕ್ಟ್ರೋಡ್ ಆಗಿ ಬಳಸುವುದೇ ಸರಿ. ಯಾಕೆಂದರೆ ಏಣಿಯ ತುದಿ ಹೈಡ್ರೋಜನ್‌ಗೆ ಸ್ವಲ್ಪ ಮೋಟು. ಹೊರಗಿನಿಂದ ಒಂದಿಷ್ಟು ವೋಲ್ಟ್ ಕೊಡಬೇಕು. ಎಲೆಕ್ಟ್ರೋಡ್‌ನಲ್ಲಿ ಕರೆಂಟ್ ಹರಿದಷ್ಟು ಗ್ಯಾಸ್. ಲೆಕ್ಕದ ಪ್ರಕಾರ ಒಂದು ಚದರ ಸೆಂಟಿಮೀಟರಿಗೆ ಹೆಚ್ಚೆಂದರೆ 7.5 ಮಿಲಿಆಂಪಿಯರ್ ಕೊಡಬಲ್ಲದು, ಮತ್ತು ಒಳ್ಳೆಯ ಲ್ಯಾಬ್‌ಗಳು ಅದರ ಹತ್ತಿರ ಹತ್ತಿರ ಹೋಗಿವೆ. ಮೇಲೆ ಕಬ್ಬಿಣ ಮತ್ತು ನಿಕಲ್‌ನ ತೆಳು ಪದರ ಕೊಟ್ಟರೆ ಆಕ್ಸಿಜನ್ ಬರುವ ವೇಗ ಏರುತ್ತದೆ, ಬಾಳಿಕೆಯೂ ಹೆಚ್ಚುತ್ತದೆ ಅಂತ 2014ರಲ್ಲಿ ತೋರಿಸಿದ್ದಾರೆ. ಆದರೆ ಕ್ಷಾರದ ನೀರಿನಲ್ಲಿ ವನೇಡಿಯಂ ನಿಧಾನ ಕರಗುತ್ತದೆ. ಆಮ್ಲ ಕ್ಷಾರ ಏರುಪೇರಾಗದಂತೆ ಬೋರೇಟ್ ಅಥವಾ ಫಾಸ್ಫೇಟ್ ಬಫರ್‌ನಲ್ಲೇ ಇಡಿ. ವನೇಡಿಯಂ ಲವಣ ತೂಗುವಾಗ ಗ್ಲೌಸ್, ಮಾಸ್ಕ್ ಬೇಕೇ ಬೇಕು.

ಟಂಗ್‌ಸ್ಟನ್ ಆಕ್ಸೈಡ್ ಆಮ್ಲದಲ್ಲಿ ಚೆನ್ನಾಗಿ ನಿಲ್ಲುತ್ತದೆ, ಏಣಿಯ ತುದಿ ಮೋಟು. ಒಂಟಿಯಾಗಿ ತೆಗೆದುಕೊಳ್ಳುವುದರಲ್ಲಿ ಅರ್ಥವಿಲ್ಲ. ಬಿಸ್ಮತ್ ವನಡೇಟಿನ ಕೆಳಗೆ ಪದರವಾಗಿ ಹಾಕಿದರೆ ಒಳ್ಳೆಯ ಜೋಡಿ.

ನಾಲ್ಕನೇ ಬಾಟಲಿ

ಕ್ಯಾಡ್ಮಿಯಂ ಸಲ್ಫೈಡ್ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ನನ್ನ ಎಮ್ಮೆಸ್ಸಿ ಪ್ರಾಜೆಕ್ಟೂ ಅದೇ ಆಗಿತ್ತು. ಗ್ಯಾಪ್ 2.4, ಏಣಿ ಎರಡೂ ಕಡೆ ಸರಿ. ಸೋಡಿಯಂ ಸಲ್ಫೈಡ್, ಸಲ್ಫೈಟ್ ಬೆರೆಸಿದ ನೀರಿಗೆ ಪುಡಿ ಹಾಕಿ ಲ್ಯಾಂಪ್ ಹಚ್ಚಿದರೆ ಹತ್ತೇ ನಿಮಿಷದಲ್ಲಿ ಗುಳ್ಳೆ. ಆ ದಿನದ ಖುಷಿ ಇವತ್ತಿಗೂ ನೆನಪಿದೆ. ಬೆಂಗಳೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಸತುವಿನ ಆಕ್ಸೈಡ್, ಪ್ಲಾಟಿನಂ, ಕ್ಯಾಡ್ಮಿಯಂ ಸಲ್ಫೈಡ್ ಮೂರನ್ನೂ ಒಂದೇ ನ್ಯಾನೋ ಕಣದಲ್ಲಿ ಜೋಡಿಸಿ ಬಹಳ ಚೆನ್ನಾದ ಫಲ ತೆಗೆದಿದೆ. ವಿಜ್ಞಾನವಾಗಿ ಅದು ಸುಂದರ ಕೆಲಸ.

ಆದರೆ ಬೆಳಕಿನಲ್ಲಿ ಹುಟ್ಟಿದ ಹೋಲ್‌ಗಳು ನೀರನ್ನು ತಿನ್ನುವ ಬದಲು ಪುಡಿಯ ಸಲ್ಫೈಡನ್ನೇ ತಿನ್ನುತ್ತವೆ. ವಿಷದ ಲೋಹವಾದ ಕ್ಯಾಡ್ಮಿಯಂ ಬಿಟ್ಟುಕೊಂಡು ನೀರಿಗೆ ಇಳಿಯುತ್ತದೆ. ಸಲ್ಫೈಟ್ ಬಲಿ ಕೊಡುವುದು ಇದನ್ನು ತಡೆಯಲಿಕ್ಕೇ. ಮೂರನೇ ದಿನ ನನ್ನ ಪುಡಿಯ ಬಣ್ಣ ಮಂಕಾಗಿತ್ತು. ಪ್ರಾಜೆಕ್ಟ್ ಮುಗಿದಾಗ ನನ್ನ ಮುಂದೆ ಎರಡು ದೊಡ್ಡ ಬಾಟಲಿ ಹಳದಿ ನೀರು ಉಳಿದಿತ್ತು. ಎಲ್ಲಿ ಹಾಕಲಿ ಅಂತ ಕೇಳಿದೆ. ಲ್ಯಾಬಿನ ಹಿಂದಿನ ಗುಂಡಿ ತೋರಿಸಿದರು. ಗುಂಡಿಯಿಂದ ಸ್ವಲ್ಪ ಕೆಳಗೆ ಒಂದು ಬಾವಿ ಇತ್ತು. ನನ್ನ ಕೈ ಮುಂದೆ ಹೋಗಲಿಲ್ಲ.

ನಾನು ಹುಟ್ಟಿ ಬೆಳೆದದ್ದು ಎಣ್ಮಕಜೆ ಕಡೆ. ಗುಡ್ಡದ ಮೇಲಿನ ಗೇರು ತೋಟಗಳಿಗೆ ಹೆಲಿಕಾಪ್ಟರ್‌ನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದ ಕಾಲ ಅದು. 1970ರ ದಶಕದ ಕೊನೆಯಿಂದ 2000ದವರೆಗೆ ಅದು ನಡೆಯಿತು. ಗುಡ್ಡದ ಹೊಟ್ಟೆಯೊಳಗಿನ ಸುರಂಗದಿಂದಲೇ ನಾವು ಕುಡಿಯುವ ನೀರು ತರುತ್ತಿದ್ದೆವು. ಮೇಲೆ ಬಿದ್ದದ್ದು ಮಳೆಯ ಜೊತೆ ಕೆಳಗೆ ಬರುತ್ತದೆ ಅಂತ ನಮಗೆ ಯಾರೂ ಪಾಠ ಮಾಡಬೇಕಾಗಿರಲಿಲ್ಲ. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ನಿಲ್ಲಿಸಿತು. ಅಷ್ಟರಲ್ಲಿ ನಮ್ಮ ಊರಿನ ಮನೆಮನೆಯ ಕಥೆ ಬೇರೆಯಾಗಿ ಹೋಗಿತ್ತು. ಆ ಎರಡು ಬಾಟಲಿಗಳನ್ನು ನಾನು ಚೆಲ್ಲಲಿಲ್ಲ. ನೀರು ಆವಿ ಮಾಡಿ, ಉಳಿದ ಗಟ್ಟಿಯನ್ನು ಮುಚ್ಚಿ, ಮೇಲೆ ಚೀಟಿ ಅಂಟಿಸಿ, ವಿಷದ ತ್ಯಾಜ್ಯ ತೆಗೆದುಕೊಂಡು ಹೋಗುವವರು ಬರುವವರೆಗೆ ಕಪಾಟಿನಲ್ಲಿ ಬೀಗ ಹಾಕಿ ಇಟ್ಟೆ.

ಹಾಗಾಗಿ ನನ್ನ ಮಾತು ನೇರ. ತ್ಯಾಜ್ಯ ಒಪ್ಪಿಸಿಕೊಳ್ಳುವ ಸರಿಯಾದ ವ್ಯವಸ್ಥೆ ಇಲ್ಲದ ಲ್ಯಾಬಿನಲ್ಲಿ ಕ್ಯಾಡ್ಮಿಯಂ ಮುಟ್ಟಬೇಡಿ. ಸೋಲಾರ್ ಸೆಲ್‌ಗೆ ಬಳಸುವ ಸೀಸದ ಪೆರೋವ್‌ಸ್ಕೈಟ್ ಹರಳಿಗೂ ಇದೇ ಮಾತು. ಬೆಳಕು ಬೇಗ ತಿಂದರೂ, ಗುಳ್ಳೆ ಬೇಗ ಬಂದರೂ ಬೇಡ.

ಕೆಂಪು: ನಮ್ಮ ಮುರಕಲ್ಲಿನ ಬಣ್ಣ

ಈಗ ನನಗೆ ಇಷ್ಟದ ಪುಡಿ. ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ನಮ್ಮ ಮನೆ ಗೋಡೆಯ ಮುರಕಲ್ಲು, ಅಂದರೆ ಜಂಬಿಟ್ಟಿಗೆ, ಕೆಂಪಾಗಿರುವುದು ಇಂಥ ಆಕ್ಸೈಡ್‌ಗಳಿಂದಲೇ. ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು. ಬೇರೆ ಎಷ್ಟೋ ಲವಣಗಳು ತೊಳೆದು ಸಮುದ್ರ ಸೇರಿದವು, ಕಬ್ಬಿಣದ ಆಕ್ಸೈಡ್ ಮಾತ್ರ ಇಲ್ಲೇ ಕೂತಿದೆ. ನೀರಿನಲ್ಲಿ ಬಾಳುತ್ತದಾ ಅನ್ನುವ ನನ್ನ ಮೊದಲ ಪ್ರಶ್ನೆಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ? ಕರಗಿದರೂ ನೀರಿಗೆ ಬರುವುದು ಕಬ್ಬಿಣ. ಎರಡನೇ ಪ್ರಶ್ನೆಗೂ ಉತ್ತರ ಸಿಕ್ಕಿತು.

ಮುರಕಲ್ಲನ್ನೇ ಅರೆದು ಹಾಕಬಹುದಾ ಅಂತ ಪ್ರತಿ ವರ್ಷ ಯಾರಾದರೂ ಕೇಳುತ್ತಾರೆ. ಬೇಡ. ಅದರಲ್ಲಿ ಜೇಡಿ, ಅಲ್ಯೂಮಿನಿಯಂ, ಮರಳು ಎಲ್ಲ ಇದೆ. ಎಲೆಕ್ಟ್ರಾನ್ ಓಡಾಡಲು ಚೊಕ್ಕ ಹರಳು ಬೇಕು.

ಹೆಮಟೈಟ್‌ನ ಗ್ಯಾಪ್ ಸುಮಾರು 2.1. 590 ನ್ಯಾನೋಮೀಟರ್‌ವರೆಗಿನ ಬೆಳಕು ತಿನ್ನುತ್ತದೆ. ಕಾಗದದ ಲೆಕ್ಕದಲ್ಲಿ ಒಂದು ಚದರ ಸೆಂಟಿಮೀಟರಿಗೆ 12.6 ಮಿಲಿಆಂಪಿಯರ್ ಕೊಡಬೇಕು. ಬಿಸ್ಮತ್ ವನಡೇಟಿಗಿಂತ ಎಷ್ಟು ಜಾಸ್ತಿ ನೋಡಿ. ಆದರೆ ಅದರ ಅರ್ಧ ಮುಟ್ಟುವುದೂ ಕಷ್ಟವಾಗಿದೆ. ಕಾರಣ ಹೋಲ್‌ಗಳ ಆಯುಸ್ಸು. ಹೆಮಟೈಟ್ ಒಳಗೆ ಹುಟ್ಟಿದ ಹೋಲ್ 2ರಿಂದ 4 ನ್ಯಾನೋಮೀಟರ್ ದೂರ ಹೋಗುವಷ್ಟರಲ್ಲಿ ಎಲೆಕ್ಟ್ರಾನ್ ಜೊತೆ ಸೇರಿ ಮುಗಿದುಹೋಗುತ್ತದೆ. ಬೆಳಕು ಪೂರ್ತಿ ಹೀರಲು ಮಾತ್ರ ನೂರಾರು ನ್ಯಾನೋಮೀಟರ್ ದಪ್ಪ ಬೇಕು. ಗುಡ್ಡದ ಮೇಲೆ ಬಿದ್ದ ಮಳೆನೀರು ಹೊಳೆ ಸೇರುವ ಮೊದಲೇ ಇಂಗಿಹೋಗುವ ಹಾಗೆ. ಪರಿಹಾರ ಏನು? ದಪ್ಪ ಹಾಳೆಯ ಬದಲು ಸಣ್ಣ ಸಣ್ಣ ಕಡ್ಡಿಗಳ ಕಾಡು ಬೆಳೆಸುವುದು. ಬೆಳಕು ಕಡ್ಡಿಯ ಉದ್ದಕ್ಕೂ ಇಳಿಯುತ್ತದೆ, ಹೋಲ್ ಅಡ್ಡಕ್ಕೆ ನಾಲ್ಕು ಹೆಜ್ಜೆ ಹಾಕಿದರೆ ನೀರು.

ಮಾಡುವುದು ಸುಲಭ ಅಂತಲೇ ನಾನು ಇದನ್ನು ಹೇಳುವುದು. ಫೆರಿಕ್ ಕ್ಲೋರೈಡ್ ಮತ್ತು ಸೋಡಿಯಂ ನೈಟ್ರೇಟ್ ದ್ರಾವಣದಲ್ಲಿ ಎಫ್‌ಟಿಒ ಗಾಜು, ಅಂದರೆ ಕರೆಂಟ್ ಹರಿಯುವ ತವರದ ಆಕ್ಸೈಡಿನ ಲೇಪ ಇರುವ ಗಾಜು, ಇಟ್ಟು, ಮುಚ್ಚಿ, 100 ಡಿಗ್ರಿಯ ಓವನ್‌ನಲ್ಲಿ ಕೆಲವು ಗಂಟೆ ಬಿಡಿ. ಹಳದಿ ಪದರ ಬೆಳೆಯುತ್ತದೆ. ಅದನ್ನು 550 ಡಿಗ್ರಿಗೆ ಕಾಯಿಸಿದರೆ ಕೆಂಪಾಗುತ್ತದೆ. ಕೊನೆಯಲ್ಲಿ 800 ಡಿಗ್ರಿಗೆ ಸುಮಾರು ಹತ್ತು ನಿಮಿಷ. ಈ ಕೊನೆಯ ಹಂತ ಬಿಟ್ಟರೆ ಕರೆಂಟೇ ಬರುವುದಿಲ್ಲ. ಆ ಬಿಸಿಗೆ ಗಾಜಿನ ಮೇಲಿನ ಲೇಪದ ತವರ ಹೆಮಟೈಟಿನೊಳಗೆ ಸೇರಿ ಅದರ ವಾಹಕತೆ ಹೆಚ್ಚಿಸುತ್ತದೆ. ಆದರೆ ಹತ್ತು ನಿಮಿಷ ಮೀರಿದರೆ ಗಾಜು ಬಗ್ಗುತ್ತದೆ, ಗಡಿಯಾರ ನೋಡುತ್ತಾ ಪಕ್ಕದಲ್ಲೇ ನಿಲ್ಲಿ.

ಕೊರತೆಯೂ ಹೇಳಬೇಕು. ಇದರ ಏಣಿ ಗುಂಡಿಯಲ್ಲಿ ನಿಂತಿದೆ. ಆಕ್ಸಿಜನ್ ಕಡೆ ಬೇಕಾದಷ್ಟು ಆಳ, ಹೈಡ್ರೋಜನ್ ಕಡೆ ಮೋಟು. ಪುಡಿಯಾಗಿ ನೀರಿಗೆ ಹಾಕಿದರೆ ಹೈಡ್ರೋಜನ್ ಬರುವುದಿಲ್ಲ. ಬೇಕಾದಷ್ಟೇ ವೋಲ್ಟ್ ಕೊಟ್ಟು ಕರೆಂಟ್ ಅಳೆಯುವ ಪೊಟೆನ್ಶಿಯೋಸ್ಟಾಟ್ ಯಂತ್ರದಿಂದ ವೋಲ್ಟ್ ಕೊಡಬೇಕು, ಇಲ್ಲವೇ ಹಿಂದೆ ಒಂದು ಸೋಲಾರ್ ಸೆಲ್ ಜೋಡಿಸಬೇಕು.

ಕಪ್ಪು: ದೊಡ್ಡ ಸಂಖ್ಯೆಗಳ ಕೋಣೆ

ಸಿಲಿಕಾನ್ ಬೆಳಕನ್ನು ಚೆನ್ನಾಗಿ ನುಂಗುತ್ತದೆ, ಆದರೆ ಗ್ಯಾಪ್ ಬರೀ 1.1. ಒಂದು ಸೆಲ್‌ನಿಂದ ನೀರು ಒಡೆಯದು, ಮೂರು ನಾಲ್ಕನ್ನು ಸಾಲಾಗಿ ಜೋಡಿಸಬೇಕು. 1998ರಲ್ಲಿ ಅಮೆರಿಕದ ಟರ್ನರ್ ಮತ್ತು ಜೊತೆಗಾರರು ಗ್ಯಾಲಿಯಂ ಆರ್ಸೆನೈಡ್ ಜೋಡಿ ಪದರದಿಂದ ಬೆಳಕಿನ ಶಕ್ತಿಯಲ್ಲಿ ಶೇಕಡಾ 12.4ನ್ನು ಹೈಡ್ರೋಜನ್ ಆಗಿ ತೆಗೆದರು. 20 ಗಂಟೆಯೊಳಗೇ ಕರೆಂಟ್ ಇಳಿಯತೊಡಗಿತ್ತು. 2014ರಲ್ಲಿ ಸ್ವಿಟ್ಜರ್‌ಲೆಂಡಿನವರು ಎರಡು ಪೆರೋವ್‌ಸ್ಕೈಟ್ ಸೆಲ್‌ಗಳಿಂದ ಶೇಕಡಾ 12.3 ಮುಟ್ಟಿದರು. ಅಲ್ಲಿ ಪೆರೋವ್‌ಸ್ಕೈಟ್ ನೀರಿನ ಹೊರಗಿತ್ತು. ನೀರು ತಾಗಿದರೆ ಅದು ಉಳಿಯುವುದಿಲ್ಲ. ನಮ್ಮ ಜೂನ್ ತಿಂಗಳ ತೇವದ ಗಾಳಿಯೇ ಅದಕ್ಕೆ ಜಾಸ್ತಿ.

2023ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದವರು ಇಂಡಿಯಂ ಗ್ಯಾಲಿಯಂ ನೈಟ್ರೈಡ್‌ನಿಂದ ಶೇಕಡಾ 9.2 ತೋರಿಸಿದ್ದನ್ನು ಮಕ್ಕಳು ಉತ್ಸಾಹದಿಂದ ಕಳಿಸುತ್ತಾರೆ. ಒಳ್ಳೆಯ ಕೆಲಸವೇ. ಹೊರಗಿನ ನಿಜ ಬಿಸಿಲಿನಲ್ಲಿ ಅದು 6.2 ಕೊಟ್ಟಿತು. ಆದರೆ ಅದಕ್ಕೆ ದೊಡ್ಡ ಲೆನ್ಸ್‌ನಿಂದ ಬೆಳಕನ್ನು ಒಟ್ಟುಗೂಡಿಸಿ ಬಿಡಬೇಕು. ಲೆನ್ಸ್‌ಗೆ ಬೇಕಾದದ್ದು ನೇರ ಕಿರಣ. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಆಕಾಶವೇ ಮುಚ್ಚಿರುತ್ತದೆ. ಮೋಡದಿಂದ ಚದುರಿ ಬಂದ ಬೆಳಕನ್ನು ಲೆನ್ಸ್ ಹಿಡಿಯಲಾರದು. ಚಪ್ಪಟೆ ಹಾಳೆ ಹಿಡಿಯುತ್ತದೆ. ಆ ಸಾಧನ ರಾಜಸ್ಥಾನಕ್ಕೆ ಒಪ್ಪೀತು, ನಮ್ಮ ಬದಿಯಡ್ಕಕ್ಕೆ ಅಲ್ಲ.

ಮನೆಗೆ ಗ್ಯಾಸ್ ಬೇಕು ಅನ್ನುವವರಿಗೆ

ಮಕ್ಕಳ ಅಪ್ಪಂದಿರೂ ಫೋನ್ ತೆಗೆದುಕೊಂಡು ಕೇಳುತ್ತಾರೆ. "ಟೀಚರೇ, ಅಂಗಳದಲ್ಲಿ ಇದನ್ನು ಹಾಕಿ ಅಡುಗೆ ಗ್ಯಾಸ್ ಮಾಡಬಹುದಾ?" ಒಟ್ಟಿಗೆ ಲೆಕ್ಕ ಮಾಡೋಣ. 14.2 ಕಿಲೋದ ಒಂದು ಸಿಲಿಂಡರ್‌ನಲ್ಲಿ ಸುಮಾರು 180 ಯೂನಿಟ್ ಶಕ್ತಿ ಇದೆ. 45 ದಿನ ಬಂದರೆ ದಿನಕ್ಕೆ 4 ಯೂನಿಟ್. ಅಷ್ಟಕ್ಕೆ 120 ಗ್ರಾಂ ಹೈಡ್ರೋಜನ್ ಬೇಕು. ಒಂದು ಚದರ ಮೀಟರ್ ಅಂಗಳಕ್ಕೆ ಒಳ್ಳೆಯ ದಿನ 5 ಯೂನಿಟ್ ಬಿಸಿಲು ಬೀಳುತ್ತದೆ ಅಂತಿಟ್ಟುಕೊಳ್ಳಿ. ಶೇಕಡಾ 1ರ ಪುಡಿ ಅದರಿಂದ ಒಂದೂವರೆ ಗ್ರಾಂ ಕೊಡುತ್ತದೆ. ಹಾಗಾದರೆ 80 ಚದರ ಮೀಟರ್ ಬೇಕು. ಅಡಿಕೆ ಒಣಗಿಸುವ ಅಂಗಳವೇ ಹೋಯಿತು. ಸೋಲಾರ್ ಪ್ಯಾನಲ್‌ನ ಕರೆಂಟಿನಿಂದ ನೀರು ಒಡೆಯುವ ಎಲೆಕ್ಟ್ರೋಲೈಸರ್ ಯಂತ್ರ ನಡೆಸಿದರೆ ಒಟ್ಟು ಶೇಕಡಾ 13ರಷ್ಟು ಸಿಗುತ್ತದೆ, 6 ಚದರ ಮೀಟರ್ ಸಾಕು. ನೀರು ಬೇಕಾಗುವುದು ದಿನಕ್ಕೆ ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಆದರೆ ಆ 120 ಗ್ರಾಂ ಗ್ಯಾಸ್ ಒತ್ತದೆ ಇಟ್ಟರೆ ಸುಮಾರು 1,500 ಲೀಟರ್ ಜಾಗ ತುಂಬುತ್ತದೆ. ಗಾಳಿಯಲ್ಲಿ ಶೇಕಡಾ 4ರಿಂದ 75ರವರೆಗೆ ಬೆರೆತಿದ್ದರೂ ಹೈಡ್ರೋಜನ್‌ಗೆ ಬೆಂಕಿ ಹತ್ತುತ್ತದೆ. ಮನೆಯಲ್ಲಿ ಇಟ್ಟುಕೊಳ್ಳುವ ವಸ್ತುವಲ್ಲ. ಪ್ಯಾನಲ್ ಹಾಕಿ ಇಂಡಕ್ಷನ್ ಒಲೆ ಹಚ್ಚಿ. ಹಟ್ಟಿಯಲ್ಲಿ ದನ ಇದ್ದರೆ ಗೋಬರ್ ಗ್ಯಾಸ್‌ಗೆ ಸರಿಸಾಟಿ ಇನ್ನೊಂದಿಲ್ಲ.

ಹಾಗಾದರೆ ಹೈಡ್ರೋಜನ್ ಯಾರಿಗೆ? ನಿಮ್ಮ ತೋಟಕ್ಕೇ. ಯೂರಿಯಾ ಮಾಡಲು ಅಮೋನಿಯ ಬೇಕು, ಅಮೋನಿಯಕ್ಕೆ ಹೈಡ್ರೋಜನ್ ಬೇಕು. ಇವತ್ತು ಅದನ್ನು ಹೆಚ್ಚಾಗಿ ನೈಸರ್ಗಿಕ ಅನಿಲದಿಂದ ತೆಗೆಯುತ್ತಾರೆ, ಇಂಗಾಲದ ಹೊಗೆ ಆಕಾಶಕ್ಕೆ ಹೋಗುತ್ತದೆ. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟದ್ದು ಇಂಥ ಕೆಲಸಗಳಿಗಾಗಿ. 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್ ಅದರ ಗುರಿ. ಅದಕ್ಕೆ ಮೊದಲು ಬರುವುದು ಪ್ಯಾನಲ್ ಮತ್ತು ಎಲೆಕ್ಟ್ರೋಲೈಸರ್ ದಾರಿಯೇ. ಪುಡಿಯ ದಾರಿ ಇನ್ನೂ ಲ್ಯಾಬಿನಲ್ಲಿದೆ. ಅದಕ್ಕೇ ಅಲ್ಲಿ ಕೆಲಸ ಮಾಡುವ ಮಕ್ಕಳು ಬೇಕು.

ನಿಮ್ಮ ಲ್ಯಾಬಿನಲ್ಲಿ ಏನಿದೆ?

ಪುಡಿ ಆರಿಸುವ ಮೊದಲು ಉಪಕರಣ ನೋಡಿ. ಬಂದ ಗ್ಯಾಸ್ ಯಾವುದು, ಎಷ್ಟು ಅಂತ ಅಳೆಯುವ ಗ್ಯಾಸ್ ಕ್ರೊಮಾಟೋಗ್ರಾಫ್ ಇದ್ದು, ಪೊಟೆನ್ಶಿಯೋಸ್ಟಾಟ್ ಇಲ್ಲ ಅಂದರೆ ಕಾರ್ಬನ್ ನೈಟ್ರೈಡ್. ಪೊಟೆನ್ಶಿಯೋಸ್ಟಾಟ್ ಇದೆ, ನಾಲ್ಕೇ ತಿಂಗಳ ಸಮಯ ಅಂದರೆ ಹೆಮಟೈಟ್. ಪಿಎಚ್‌ಡಿಗೆ ನಾಲ್ಕೈದು ವರ್ಷ ಇದೆ, ಪದರ ಮೇಲೆ ಪದರ ಕೂರಿಸುವ ತಾಳ್ಮೆ ಇದೆ ಅಂದರೆ ಬಿಸ್ಮತ್ ವನಡೇಟ್. ಸ್ಟ್ರಾನ್ಷಿಯಂ ಟೈಟನೇಟನ್ನು ಬಿಸ್ಮತ್ ವನಡೇಟ್ ಜೊತೆ ಒಂದೇ ಹಾಳೆಯಲ್ಲಿ ಜೋಡಿಸಿ 2016ರಲ್ಲಿ ಶೇಕಡಾ 1.1 ತೆಗೆದಿದ್ದಾರೆ. ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬುವ ಆ ದಾರಿ ನನಗೆ ತುಂಬ ಭರವಸೆಯದ್ದಾಗಿ ಕಾಣುತ್ತದೆ. ಆ ಎರಡು ಉಪಕರಣಗಳೂ ಇಲ್ಲ ಅಂದರೆ ಸುಮ್ನೆ ಆಸೆಯಿಂದ ಶುರು ಮಾಡಬೇಡಿ, ಉಪಕರಣ ಇರುವ ಕಡೆ ಎರಡು ವಾರ ಕೇಳಿಕೊಂಡು ಹೋಗಿ.

ಯಾವ ಪುಡಿಯಾದರೂ ಕತ್ತಲೆಯ ಪ್ರಯೋಗ ಬಿಡಬೇಡಿ. ಎಲ್ಲವನ್ನೂ ಹಾಗೇ ಇಟ್ಟು ಲ್ಯಾಂಪ್ ಮಾತ್ರ ನಂದಿಸಿ. ಆಮೇಲೆ ಲ್ಯಾಂಪ್ ಹಚ್ಚಿ, ಪುಡಿ ಇಲ್ಲದೆ ನೋಡಿ. ಎರಡರಲ್ಲೂ ಏನೂ ಬರಬಾರದು. ಗ್ರಾಂಗೆ ಇಷ್ಟು ಮೈಕ್ರೋಮೋಲ್ ಅಂತ ಬರೆಯುವವರು ಪುಡಿ ಕಡಿಮೆ ಹಾಕಿ ಸಂಖ್ಯೆ ದೊಡ್ಡದು ಮಾಡಬಹುದು. ಯಾವ ತರಂಗದ ಬೆಳಕಿಗೆ ಎಷ್ಟು ಫೋಟಾನ್ ಕೆಲಸಕ್ಕೆ ಬಂತು ಅಂತ ಬರೆದರೆ ಮಾತ್ರ ಒಂದು ಲ್ಯಾಬನ್ನು ಇನ್ನೊಂದರ ಜೊತೆ ಹೋಲಿಸಬಹುದು. ಮೊದಲು ಡಿಸ್ಟಿಲ್ಡ್ ವಾಟರ್‌ನಲ್ಲಿ ಮಾಡಿ. ಸಮುದ್ರ ಹತ್ತಿರ ಇದೆ ಅಂತ ಉಪ್ಪುನೀರಿಗೆ ಹಾರಬೇಡಿ. ಅದರ ಕ್ಲೋರೈಡ್ ಹೋಲ್‌ಗಳನ್ನು ಕದ್ದು ಕ್ಲೋರಿನ್ ಆಗುತ್ತದೆ, ನಿಮ್ಮ ಆಕ್ಸಿಜನ್ ಲೆಕ್ಕ ತಪ್ಪುತ್ತದೆ. ಹೊರಗಿನ ಬಿಸಿಲಿನ ಪ್ರಯೋಗ ಏನಿದ್ದರೂ ಏಪ್ರಿಲ್ ಒಳಗೆ ಮುಗಿಸಿ.

ಕೊನೆಯ ದಿನ ಆ ನೀರನ್ನು ಚೆಲ್ಲಬೇಡಿ. ಸೋಸಿ ಒಂದು ಸಣ್ಣ ಬಾಟಲಿಯಲ್ಲಿ ತುಂಬಿ, ಎಷ್ಟು ಲೋಹ ಕರಗಿದೆ ಅಂತ ಅಳೆಯಲು ಕಳಿಸಿ. ಕಬ್ಬಿಣವೋ, ವನೇಡಿಯಮ್ಮೋ, ರೋಡಿಯಮ್ಮೋ, ಎಷ್ಟಿದೆಯೋ ಅಷ್ಟನ್ನು ಹೈಡ್ರೋಜನ್‌ನ ಸಂಖ್ಯೆಯ ಪಕ್ಕದಲ್ಲೇ, ಅದೇ ಪುಟದಲ್ಲಿ ಬರೆಯಿರಿ. ನಿಮ್ಮ ರಿಪೋರ್ಟ್ ನನಗೆ ಕಳಿಸಿದರೆ ನಾನು ಮೊದಲು ತೆರೆಯುವುದು ಆ ಪುಟವನ್ನೇ.